ಸುರಪುರದ ಕಾಲು ಗಂಟೆ

ಸುರಪುರ
19 ಜೂನ್ 2024

ರಾಧಿಕಾ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ನೀನು ನಮ್ಮ ಕಾಲುವೆ ನೀರಿನ ಸಂಘದ ಮುಖ್ಯ ಕಚೇರಿಗೆ ಕೊಟ್ಟ ವರದಿಯ ಪ್ರತಿ ಇವತ್ತು ನನ್ನ ಮೇಜಿಗೆ ಬಂತು. ‘ಸುರಪುರ ಶಾಖೆಯ ಸರ್ವರನ್ನು ಯಾದಗಿರಿಯ ಹೊಸ ಡೊಮೇನಿಗೆ ಸೇರಿಸುವ ಕೆಲಸ ವಿಫಲವಾಗಿದೆ. ಕಾರಣ: ಯಂತ್ರ ಹಳೆಯದು, ಸಿಬ್ಬಂದಿಯ ಅಸಹಕಾರ.’ ಕೆಳಗೆ ನಿನ್ನ ದುಂಡನೆಯ ಸಹಿ. ಓದಿ ಮೈಯೆಲ್ಲ ಉರಿದುಹೋಯಿತು. ಈ ಶಾಖೆಯಲ್ಲಿ ಸಿಬ್ಬಂದಿ ಅಂತ ಇರುವುದು ನಾನು ಮತ್ತು ಕಸ ಹೊಡೆಯಲು ಬರುವ ಗೌಹರಬೇಗಂ. ಆಕೆ ಸರ್ವರ್ ಕೋಣೆಗೆ ಕಾಲಿಡುವುದೇ ಇಲ್ಲ. ಹಾಗಾದರೆ ಅಸಹಕಾರ ಮಾಡಿದವಳು ಯಾರು? ನಾನೇ ತಾನೆ? ಹೆಸರು ಹಿಡಿದು ಬರೆಯುವ ಧೈರ್ಯವಾದರೂ ಇರಬಾರದಿತ್ತೇ?

ಹೋದ ವಾರ ನೀನು ಆ ಗುತ್ತಿಗೆ ಕಂಪನಿಯ ಇಬ್ಬರು ಹುಡುಗರನ್ನು ಕರೆದುಕೊಂಡು ಬಂದೆ. ನಾನು ಬಾಗಿಲು ತೆಗೆದೆ, ಪಾಸ್‌ವರ್ಡ್ ಕೊಟ್ಟೆ, ಚಹಾ ತರಿಸಿದೆ. ಅವರು ಮಧ್ಯಾಹ್ನದವರೆಗೂ ಟಕಟಕ ಒತ್ತಿದರು. ಕೊನೆಗೆ ಒಬ್ಬ ಬೂಟಿನ ತುದಿಯಿಂದ ಮಷೀನನ್ನು ತಿವಿದು, “ಮೇಡಂ, ಈ ಡಬ್ಬಾ ಗುಜರಿಗೆ ಹಾಕ್ರಿ” ಅಂದ. ನೀನು ತುಟಿ ಪಿಟಕ್ಕೆನ್ನಲಿಲ್ಲ. ಇದೇ ಮಷೀನಿನ ಮುಂದೆ ಕೂತು, ನನ್ನ ಬುತ್ತಿಯ ರೊಟ್ಟಿ ತಿಂದು ಐದು ವರ್ಷ ಕೆಲಸ ಕಲಿತವಳು ನೀನು. ಬೂಟು ನನಗೇ ತಾಗಿದಂತಾಯಿತು ರಾಧಿಕಾ.

ಅದು ಡಬ್ಬವಲ್ಲ ಎಂಬುದು ನಿನಗೆ ಗೊತ್ತು. ನಮ್ಮ ಕಾಲುವೆಯ ಊರುಗಳಿಗೆ ಯಾವ ದಿನ ಯಾರಿಗೆ ನೀರು ಎಂಬ ಪಾಳಿ ಹಾಕುವುದು ಅದೇ. ಪಾಳಿಯ ಹಿಂದಿನ ಸಂಜೆಗೊಮ್ಮೆ, ಪಾಳಿಗೆ ಒಂದು ತಾಸು ಮುಂಚೆ ಇನ್ನೊಮ್ಮೆ ರೈತರ ಫೋನಿಗೆ ಮೆಸೇಜ್ ಕಳಿಸುವುದೂ ಅದೇ. ಒಂದು ವರ್ಷ ಮೇಲಿನ ಊರಿಂದ ಶುರುವಾದರೆ ಮರುವರ್ಷ ಕೊನೆಯ ಊರಿಂದ. ನೀರು ಬಾರದೆ ಹೋದ ಊರಿಗೆ ಮರುಪಾಳಿ. ಈ ಲೆಕ್ಕ ಕಟ್ಟಿದ ಅಮೀನುದ್ದೀನ ಸಾಹೇಬರು ಮಣ್ಣಾಗಿ ಆರು ವರ್ಷವಾಯಿತು, ಅವರ ಲೆಕ್ಕ ಇನ್ನೂ ಒಂದು ದಿನ ತಪ್ಪಿಲ್ಲ. ಈ ಹಿಂಗಾರಿಗೆ ಮೊದಲ ಪಾಳಿ ತೆಗ್ಗಿನಾಳದ್ದು, ಕಾಲುವೆಯ ಕೊಟ್ಟಕೊನೆಯ ಊರಿನದ್ದು. ಈ ಮಷೀನು ಡೊಮೇನಿಗೆ ಸೇರದಿದ್ದರೆ ಯಾದಗಿರಿಯವರು ತಮ್ಮದೇ ಪಟ್ಟಿ ಮಾಡುತ್ತಾರೆ, ಅದರಲ್ಲಿ ತೆಗ್ಗಿನಾಳ ಯಾವತ್ತೂ ಕೊನೆಗೇ ಇರುತ್ತದೆ. ಕೊನೆಗೆ ಅಂದರೆ ನೀರಿಲ್ಲ ಅಂತ ಅರ್ಥ.

ವರದಿ ವಾಪಸು ತಗೋ. ಅಲ್ಲಿಯವರೆಗೆ ಫೋನಿನಲ್ಲಿ ನಿನ್ನ ನಂಬರು ಬ್ಲಾಕ್ ಆಗಿಯೇ ಇರುತ್ತದೆ. ಹೇಳುವುದಿದ್ದರೆ ಡ್ರೈವರ್ ಅಯ್ಯಪ್ಪನ ಕಚೇರಿ ಜೀಪಿನ ಟಪಾಲು ಚೀಲದಲ್ಲಿ ಹಾಕಿ ಕಳಿಸು.

ಅಸಹಕಾರಿ ಸಿಬ್ಬಂದಿ,
ಕಸ್ತೂರಿ


ಯಾದಗಿರಿ
27 ಜೂನ್ 2024

ಕಸ್ತೂರಕ್ಕನಿಗೆ ನಮಸ್ಕಾರ.

ಪಕ್ಕದ ಊರಿನವರಿಗೆ ಕಾಗದ ಬರೆಯುವ ಕಾಲ ಬಂತಲ್ಲ ನನಗೆ! ಇರಲಿ, ಬರೆಯುತ್ತೇನೆ.

ನೀವು ಬಾಗಿಲು ತೆಗೆದದ್ದು ಹೌದು. ಆದರೆ ಯಾವಾಗ ತೆಗೆದಿರಿ? ನಾವು ಬಂದಾಗ “ಕಾಲ್ ಒರಸಿ ಒಳಗ ಬರ್ರಿ, ಕ್ವಾಣಿ ಸಾರಿಸೀನಿ” ಎಂದು ಹೊರಗೆ ನಿಲ್ಲಿಸಿದಿರಿ. ಪಾಸ್‌ವರ್ಡ್ ಕೊಡುವಾಗ ಅವರಿಬ್ಬರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದಿರಿ. ಇಂಗ್ಲಿಷಿನಲ್ಲಿ ಏನೋ ಕೇಳಿದ್ದಕ್ಕೆ “ಕನ್ನಡದಾಗ ಕೇಳು, ಮಷೀನಿಗೂ ಕನ್ನಡ ತಿಳಿತದ” ಅಂದಿರಿ. ಅವರು ಯಾದಗಿರಿಗೆ ಹೋಗಿ ವ್ಯವಸ್ಥಾಪಕ ಮಲ್ಲಿನಾಥ ಸಾಹೇಬರ ಮುಂದೆ ಏನು ಹೇಳಿರಬಹುದು, ನೀವೇ ಯೋಚನೆ ಮಾಡಿ. ಸಾಹೇಬರು ಅವತ್ತೇ ಮಷೀನನ್ನು ಗುಜರಿಗೆ ಕಳಿಸುವ ಆದೇಶಕ್ಕೆ ಪೆನ್ನು ತೆಗೆದಿದ್ದರು. ‘ಅಸಹಕಾರ’ ಅವರು ಹೇಳಿ ಬರೆಸಿದ ಮಾತು, ನನ್ನದಲ್ಲ. ಅದನ್ನು ಬರೆದದ್ದಕ್ಕೇ ದೀಪಾವಳಿಯವರೆಗೆ ಸಮಯ ಸಿಕ್ಕಿತು. ಸಮಯ ಕೇಳಿಕೊಂಡವಳು ಯಾರು? ನಾನು. ಅದನ್ನು ನೀವು ಕೇಳಲೂ ಇಲ್ಲ, ನಂಬರು ಬ್ಲಾಕ್ ಮಾಡಿ ಕೂತಿರಿ.

ಈಗ ಕೆಲಸದ ಮಾತು. ಎಲ್ಲ ಶಾಖೆಗಳ ಮಷೀನುಗಳೂ ಯಾದಗಿರಿಯ ಹೊಸ ಸರ್ವರಿನ ಒಂದೇ ಹಿಡಿತದಲ್ಲಿರಬೇಕು, ಅದೇ ಡೊಮೇನ್. ನಿಮ್ಮ ಮಷೀನಿನ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಎಂಬಲ್ಲಿ ಹಳೆಯ ಮೋಡೆಮಿನ ನಂಬರಿದೆ. ಅದನ್ನು ತೆಗೆದು ಜೊತೆಗಿನ ಚೀಟಿಯಲ್ಲಿ ನಾನು ಬರೆದಿರುವ ನಂಬರು ಹಾಕಿ. ಇಲ್ಲದಿದ್ದರೆ ನಿಮ್ಮ ಮಷೀನಿಗೆ ನಮ್ಮ ಬಾಗಿಲು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಲಕೋಟೆಯಲ್ಲಿ ಪೆನ್‌ಡ್ರೈವ್ ಇದೆ, ಅದರಲ್ಲಿ ಕೊನೆಯ ಅಪ್‌ಡೇಟ್ ಇದೆ. ಹಾಕಿ ನೋಡಿ, ಏನಾಯಿತು ಬರೆಯಿರಿ.

ಬೂಟಿನ ವಿಷಯ ನನಗೂ ಗೊತ್ತಿದೆ.

ರಾಧಿಕಾ


ಸುರಪುರ
22 ಜುಲೈ 2024

ರಾಧಿಕಾ,

ನಂಬರು ಹಾಕಿದೆ. ಪೆನ್‌ಡ್ರೈವಿನ ಅಪ್‌ಡೇಟ್ ಹಾಕಿದೆ. ನಡುವೆ ಮೂರು ಸಲ ಕರೆಂಟು ಹೋಯಿತು, ಮೂರು ಸಲವೂ ಮೊದಲಿನಿಂದ ಹಾಕಿದೆ. ಈಗ ಏನಾಗಿದೆ ಗೊತ್ತೇ? ಮೊದಲು ‘ಡೊಮೇನ್ ಸಿಗಲಿಲ್ಲ’ ಅನ್ನುತ್ತಿತ್ತು. ಈಗ ‘ಪ್ರವೇಶ ನಿರಾಕರಿಸಲಾಗಿದೆ’ ಅನ್ನುತ್ತದೆ. ಅಂದರೆ ಬಾಗಿಲು ಸಿಕ್ಕಿತು, ಬಡಿದೆವು, ಒಳಗಿನವರು ಮುಖ ನೋಡಿ ಬಾಗಿಲು ಹಾಕಿಕೊಂಡರು. ಪಾಸ್‌ವರ್ಡ್ ಸರಿ, ಹೆಸರು ಸರಿ, ತಂತಿ ಸರಿ. ಇನ್ನು ನಮ್ಮ ಜಾತಕ ಬೇಕೇನು ನಿಮ್ಮ ಯಾದಗಿರಿಯ ಸರ್ವರಿಗೆ?

ಮೊನ್ನೆ ತೆಗ್ಗಿನಾಳದ ಸಾಯಬಮ್ಮ ಬಂದಿದ್ದಳು. ನಿನಗೆ ನೆನಪಿರಬೇಕು, ಗಂಡ ತೀರಿದ ಮೇಲೆ ನಾಲ್ಕು ಎಕರೆ ತಾನೇ ಮಾಡುವವಳು, ಪಾಳಿಗೆ ಬ್ಯಾಟರಿ ಹಿಡಿದು ಗಂಡಸರಿಗಿಂತ ಮುಂದೆ ಗೇಟಿಗೆ ಬಂದು ನಿಲ್ಲುವವಳು. ಬಾಗಿಲಲ್ಲೇ ಕೇಳಿದಳು.

“ಅಕ್ಕಾರ, ಯಾದಗಿರ್ಯಾಗ ಹೊಸ ಪಟ್ಟಿ ಮಾಡ್ಯಾರಂತ, ನಮ್ಮೂರು ಕಡೀಕ್ ಹಾಕ್ಯಾರಂತ. ಖರೇ ಏನ್ರಿ?”

“ಇನ್ನಾ ಮಾಡಿಲ್ಲ. ನಮ್ಮ ಮಷೀನ್ ಸೇರಿದ್ರ ನಿಮ್ಮೂರೇ ಮೊದಲು” ಅಂದೆ.

“ಸೇರದಿದ್ರ?”

ಆಕೆ ಗೋಡೆಯ ಗಡಿಯಾರ ನೋಡಿದಳು, ಅಭ್ಯಾಸದಂತೆ ತನ್ನ ಕೈಗಡಿಯಾರದ ಮುಳ್ಳು ಅದಕ್ಕೆ ಸರಿಮಾಡಿಕೊಂಡಳು. ಆಮೇಲೆ, “ಶೇಂಗಾ ಬೀಜ ತಂದ್ ಇಟ್ಟೀನ್ರಿ. ನೀವ್ ಹೂಂ ಅಂದ್ರ ಬಿತ್ತತೀನಿ, ಊಹೂಂ ಅಂದ್ರ ಮಾರತೀನಿ. ಯಾದಗಿರಿ ನಂಗ್ ಗೊತ್ತಿಲ್ಲ, ನೀವ್ ಗೊತ್ತು” ಅಂದಳು.

ನಾನು ಹೂಂ ಅಂದುಬಿಟ್ಟೆ. ಈಗ ನೀನು ಆ ಹೂಂ ಉಳಿಸು. ನಿಮ್ಮ ಎಸಿ ಹಾಕಿದ ಕೋಣೆಯಲ್ಲಿ ಕೂತು ‘ಯಂತ್ರ ಹಳೆಯದು’ ಅಂತ ಬರೆಯುವುದು ಬಹಳ ಸುಲಭ. ಹಳೆಯದಾದರೆ ಏನಾಯಿತು? ನಾನೂ ಹಳೆಯವಳೇ. ಸೇರಿಸಿಕೊಳ್ಳಲು ಬಾರದಿದ್ದರೆ ಅದು ಹೊಸದರ ದೋಷ.

ಕಸ್ತೂರಿ


ಯಾದಗಿರಿ
21 ಆಗಸ್ಟ್ 2024

ಕಸ್ತೂರಕ್ಕ,

ಇವತ್ತು ನನಗೆ ಬಂದಿರುವ ಸಿಟ್ಟು ನಿಮಗೆ ಯಾವತ್ತೂ ಬಂದಿರಲಾರದು.

ಸುರಪುರದ ಲೈನು ಕೆಟ್ಟಿರಬಹುದು, ಭೀಮರಾಯನಗುಡಿಯ ನಮ್ಮ ಕ್ಯಾಂಪ್ ಕಚೇರಿಯಲ್ಲಿ ಒಳ್ಳೆಯ ಲೈನಿದೆ, ಮಷೀನನ್ನು ಅಲ್ಲಿಗೇ ತನ್ನಿ, ಇಬ್ಬರೂ ಕೂತು ಸೇರಿಸೋಣ ಎಂದು ಚೀಟಿ ಕಳಿಸಿದವಳು ನಾನು. “ಬುಧವಾರ ಹನ್ನೊಂದಕ್ಕ ಬರ್ತೀನಿ, ತಡಾ ಮಾಡಬ್ಯಾಡ ಅಂತ ಹೇಳು” ಎಂದು ಅಯ್ಯಪ್ಪನ ಕೈಯಲ್ಲಿ ಹೇಳಿಕಳಿಸಿದವರು ನೀವು. ನಾನು ಸಾಹೇಬರ ಮೀಟಿಂಗ್ ಬಿಟ್ಟು ಹೊರಟೆ. ಶಹಾಪುರದಲ್ಲಿ ಇಳಿದೆ, ಗೋಗಿಯ ಕಡೆಯವರು ತುಂಬಿದ್ದ ಆಟೋದಲ್ಲಿ ಅರ್ಧ ಮೈ ಹೊರಗೆ ಹಾಕಿ ಕೂತು ಬಂದೆ. ಹನ್ನೊಂದಕ್ಕೆ ಗೇಟಿನ ಒಳಗಿದ್ದೆ. ನೀವಿಲ್ಲ! ಕ್ಯಾಂಟೀನಿನವನು, “ಒಬ್ರು ಮೇಡಂ ಬಂದಿದ್ರರಿ, ಚಾದರದಾಗ ಏನೋ ಸುತ್ಗೊಂಡು. ಚಹಾ ಕುಡದು ಬೈಕೋತ ಹೋದ್ರು” ಅಂದ.

ಒಂದು ಹತ್ತು ನಿಮಿಷ ಕಾಯುವುದಕ್ಕೆ ಆಗಲಿಲ್ಲವೇ? ಅಷ್ಟು ಸೊಕ್ಕೇ? ಮಷೀನು ತೋರಿಸಿ ಹೋದಂತೆಯೂ ಆಗಬೇಕು, ಕೆಲಸ ಮಾತ್ರ ಆಗಬಾರದು, ಅಲ್ಲವೇ? ಸಾಹೇಬರು ಬರೆಸಿದ ಮಾತು ಅವತ್ತು ನನಗೆ ಸುಳ್ಳೆನಿಸಿತ್ತು. ಇವತ್ತು ಹಾಗೆನಿಸುತ್ತಿಲ್ಲ.

ದೀಪಾವಳಿಯ ಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ.

ರಾಧಿಕಾ


ಸುರಪುರ
24 ಆಗಸ್ಟ್ 2024

ರಾಧಿಕಾ,

ಸೊಕ್ಕು ಯಾರದು? ಹನ್ನೊಂದಕ್ಕೆ ಸರಿಯಾಗಿ ನಾನು ಕ್ಯಾಂಪ್ ಕಚೇರಿಯ ಮೆಟ್ಟಿಲ ಮೇಲಿದ್ದೆ. ಮಷೀನನ್ನು ಚಾದರದಲ್ಲಿ ಸುತ್ತಿ, ಜೀಪಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೆ. ತೊಡೆ ಇನ್ನೂ ನೋಯುತ್ತಿದೆ. ಒಂದು ಚಹಾ ಕುಡಿದು ಮುಗಿಯುವವರೆಗೆ ಕಾದೆ, ನಿನ್ನ ಸುಳಿವಿಲ್ಲ. ಅಯ್ಯಪ್ಪ ಶಹಾಪುರಕ್ಕೆ ಟಪಾಲು ಮುಟ್ಟಿಸಬೇಕು, “ಅಕ್ಕಾರ, ಜಲ್ದಿ ಹತ್ರಿ” ಅಂತ ಹಾರ್ನು ಹೊಡೆಯುತ್ತಿದ್ದ. ಜೀಪು ಬಿಟ್ಟು ಆ ಮಷೀನನ್ನು ನಾನು ಬಸ್ಸಿನಲ್ಲಿ ತಲೆಯ ಮೇಲೆ ಹೊತ್ತು ತರಬೇಕಿತ್ತೇ?

ಹನ್ನೊಂದಕ್ಕೆ ಬಂದೆನೆಂದು ಸುಳ್ಳು ಹೇಳಬೇಡ. ನಾನು ಈ ಕಚೇರಿಗೆ ಬಂದು ಇಪ್ಪತ್ತೆರಡು ವರ್ಷ, ಒಂದು ದಿನ ತಡ ಮಾಡಿದವಳಲ್ಲ.

ಇನ್ನು ಮುಂದೆ ಕಾಗದವನ್ನೂ ಬರೆಯಬೇಡ.

ಕಸ್ತೂರಿ


ಯಾದಗಿರಿ
3 ಅಕ್ಟೋಬರ್ 2024

ಕಸ್ತೂರಕ್ಕ,

ಬರೆಯಬೇಡ ಅಂದಿರಿ, ಬರೆಯುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿದು ಹಾಕಿ.

ನಿನ್ನೆ ರಜೆ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಅಯ್ಯಪ್ಪ ಸಿಕ್ಕ. ಹಿಡಿದು ನಿಲ್ಲಿಸಿ ಜಬರಿಸಿ ಕೇಳಿದೆ: ಅವತ್ತು ಭೀಮರಾಯನಗುಡಿಗೆ ಎಷ್ಟಕ್ಕೆ ಮುಟ್ಟಿಸಿದೆ, ಖರೇ ಹೇಳು ಅಂತ. ಅವನು ತಲೆ ಕೆರೆದುಕೊಂಡು, “ಹನ್ನೊಂದಕ್ಕರಿ. ಅಂದ್ರ... ಸುರಪುರ ಆಫೀಸ್ ಟೈಮ್ ಹನ್ನೊಂದಕ್ಕರಿ” ಅಂದ.

ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟೆ.

ಅಕ್ಕ, ಗಡಿಯಾರ! ನಮ್ಮ ಸುರಪುರದ ಗೋಡೆ ಗಡಿಯಾರ ಕಾಲು ಗಂಟೆ ಮುಂದಿದೆ! ನಿಮ್ಮ ಕೈಗಡಿಯಾರ ಅದಕ್ಕೆ ಸರಿ, ನಿಮ್ಮ ಫೋನು ಅದಕ್ಕೆ ಸರಿ, ಮಷೀನಿನ ಗಡಿಯಾರವನ್ನೂ ನೀವು ಪ್ರತಿ ತಿಂಗಳು ಸ್ಟೂಲಿನ ಮೇಲೆ ಹತ್ತಿ ಗೋಡೆ ನೋಡಿಯೇ ಸರಿಮಾಡುತ್ತೀರಿ. ಡೊಮೇನಿನ ನಿಯಮವೊಂದಿದೆ. ಎರಡು ಮಷೀನುಗಳ ಗಡಿಯಾರದ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಯಾದಗಿರಿಯ ಸರ್ವರ್ ಒಳಗೆ ಬಿಡುವುದಿಲ್ಲ. ಯಾರೋ ಕದ್ದ ಗುರುತುಚೀಟಿ ತೋರಿಸಿ ನುಗ್ಗುತ್ತಿದ್ದಾರೆ ಅಂದುಕೊಳ್ಳುತ್ತದೆ. ಪಾಸ್‌ವರ್ಡ್ ಸರಿ ಇದ್ದರೂ ಅಷ್ಟೇ, ಲೈನು ಸರಿ ಇದ್ದರೂ ಅಷ್ಟೇ.

ಇದನ್ನು ಮೊದಲ ದಿನವೇ ನೋಡಬೇಕಾದವಳು ನಾನು. ನೋಡಿದ್ದೆ ಕೂಡ! ಪರದೆಯ ಮೂಲೆಯ ಗಡಿಯಾರ ನೋಡಿದೆ, ಗೋಡೆ ನೋಡಿದೆ, ಎರಡೂ ಒಂದೇ ಇದ್ದವು, ಸರಿ ಅಂದುಕೊಂಡೆ. ಐದು ವರ್ಷ ಆ ಗಡಿಯಾರದ ಕೆಳಗೆ ಕೂತವಳಿಗೆ ಅದು ತಪ್ಪೆಂದು ಹೇಗೆ ಹೊಳೆಯಬೇಕು? ಯಾದಗಿರಿಗೆ ಬಂದ ಹೊಸದರಲ್ಲಿ ದಿನಾ ಎಲ್ಲರಿಗಿಂತ ಮುಂಚೆ ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುತ್ತಿದ್ದೆ. ಜವಾನರು ನಗುತ್ತಿದ್ದರು. ಆಮೇಲೆ ಕೈಗಡಿಯಾರ ಹಿಂದೆ ಮಾಡಿಕೊಂಡು ಮರೆತೇಬಿಟ್ಟೆ.

ಮಷೀನಿನ ಗಡಿಯಾರ ಕಾಲು ಗಂಟೆ ಹಿಂದೆ ಮಾಡಿ, ಮತ್ತೆ ಸೇರಿಸಿ ನೋಡಿ. ಹಳೆಯ ವರದಿ ವಾಪಸು ತೆಗೆದುಕೊಂಡೆ. ‘ಅಸಹಕಾರ’ ಹೋಯಿತು.

ನಿಮ್ಮ,
ರಾಧಿಕಾ


ಸುರಪುರ
15 ಅಕ್ಟೋಬರ್ 2024

ರಾಧಿಕಾ,

ಕಾಗದ ಹರಿಯಲಿಲ್ಲ. ಮೂರು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೆಯ ಸಲ ಅಳು ಬಂತು, ಮೂರನೆಯ ಸಲ ಮತ್ತೆ ಸಿಟ್ಟೇ ಬಂತು. ಸಿಟ್ಟು ನಿನ್ನ ಮೇಲಲ್ಲ, ‘ತಪ್ಪು’ ಎಂಬ ಆ ಮಾತಿನ ಮೇಲೆ.

ಆ ಗಡಿಯಾರ ತಪ್ಪಲ್ಲ. ಅದು ಯಾಕೆ ಮುಂದಿದೆ ಅಂತ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಮೊದಲ ಕಾರ್ಯದರ್ಶಿ ಸಂಗಣ್ಣನವರು ಮಾಡಿಟ್ಟದ್ದು ಅದು. ಕಾಲುವೆಯ ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆ ಒಂದೇ ಒಂದು. ಪಾಳಿ ಮುಗಿದವನು ಪಾಳಿ ಬಂದವನ ಕೈಗೇ ಅದನ್ನು ಕೊಡಬೇಕು. ತೆಗೆದುಕೊಳ್ಳುವವನು ಹೊತ್ತಿಗೆ ಅಲ್ಲಿಲ್ಲದಿದ್ದರೆ ಮೇಲಿನ ಊರಿನವನು ಹಿಡಿಕೆಯನ್ನು ಬೈಕಿಗೆ ಸಿಕ್ಕಿಸಿಕೊಂಡು ಹೋಗಿಬಿಡುತ್ತಾನೆ. ಗೇಟು ಅವನ ಕಡೆಗೇ ತೆರೆದಿರುತ್ತದೆ. ಕೇಳಿದರೆ “ನೀವ್ ಬರ್ಲಿಲ್ಲ, ನಾವೇನ್ ಮಾಡೂಣು?” ಅನ್ನುತ್ತಾನೆ. ತೆಗ್ಗಿನಾಳದವರು ಅಷ್ಟು ದೂರ ನಡೆದು ಬರುವವರು. ಐದು ನಿಮಿಷ ತಡವಾದರೆ ಆ ಪಾಳಿಯೇ ಹೋಯಿತು. ಇದನ್ನು ನೋಡಿ ನೋಡಿ ಸಂಗಣ್ಣನವರು ಒಂದು ದಿನ ಕಚೇರಿಯ ಗಡಿಯಾರವನ್ನೇ ಮುಂದೆ ಮಾಡಿದರು. ಆಮೇಲೆ ಮೆಸೇಜಿನ ಕಾಲ ಬಂದಾಗ ಮೆಸೇಜೂ ಅದೇ ಟೈಮಿಗೆ ಹೊರಟಿತು. ತೆಗ್ಗಿನಾಳದವರು ಕಾಲು ಗಂಟೆ ಮುಂಚೆ ಬಂದು ಕೈ ಚಾಚಿ ನಿಲ್ಲುತ್ತಾರೆ, ಹಿಡಿಕೆ ತಾನಾಗಿ ಕೈಗೆ ಬರುತ್ತದೆ.

ಮಷೀನಿನ ಗಡಿಯಾರ ಹಿಂದೆ ಮಾಡಿದೆ. ಮಾಡುವಾಗ ಸಂಗಣ್ಣನವರ ಫೋಟೋ ಕಡೆ ನೋಡಲಿಲ್ಲ. ಗುಂಡಿ ಒತ್ತಿದೆ. ‘ಯಾದಗಿರಿ ಡೊಮೇನಿಗೆ ಸ್ವಾಗತ’ ಅಂತ ಬಂತು. ಸ್ವಾಗತವಂತೆ! ನಾಲ್ಕು ತಿಂಗಳು ಹೊರಗೆ ನಿಲ್ಲಿಸಿ, ಗುಜರಿ ಅಂದು, ಅಸಹಕಾರ ಅಂದು, ಈಗ ಸ್ವಾಗತ.

ಆದರೂ ಸಾಯಬಮ್ಮನಿಗೆ ಅಂದ ಹೂಂ ಉಳಿಯಿತು. ತೆಗ್ಗಿನಾಳವೇ ಮೊದಲು ಎಂಬ ಪಟ್ಟಿ ಯಾದಗಿರಿಗೆ ಹೋಗಿದೆ. ಒಂದೇ ಮಾತು ಉಳಿದದ್ದು. ಇನ್ನು ಈ ಮಷೀನು ಯಾದಗಿರಿಯ ಗಡಿಯಾರಕ್ಕೇ ನಡೆಯುತ್ತದೆ, ನಾನು ಮುಂದೆ ಮಾಡಿದರೂ ಅದೇ ಹಿಂದೆ ಎಳೆಯುತ್ತದೆ. ಮೆಸೇಜನ್ನು ಎಷ್ಟು ಮುಂಚೆ ಕಳಿಸಬೇಕು ಎಂಬ ಬೀಗದಕೈಯೂ ಈಗ ನಿಮ್ಮಲ್ಲೇ. ನನ್ನಿಂದ ತೆಗೆದುಕೊಂಡ ಆ ಕಾಲು ಗಂಟೆಯನ್ನು ನೀನು ಪಾಳಿ ಶುರುವಾಗುವುದರೊಳಗೆ ವಾಪಸು ಕೊಡಬೇಕು. ಕೊಡುತ್ತೀಯಾ?

ಕಸ್ತೂರಿ


ಯಾದಗಿರಿ
21 ಅಕ್ಟೋಬರ್ 2024

ಕಸ್ತೂರಕ್ಕ,

ನೋಡುತ್ತೇನೆ.

ರಾಧಿಕಾ


ಸುರಪುರ
16 ಡಿಸೆಂಬರ್ 2024

ರಾಧಿಕಾ,

ಏನು ನೋಡಿದೆ?

ಶನಿವಾರ ಬೆಳಿಗ್ಗೆ ಆರಕ್ಕೆ ತೆಗ್ಗಿನಾಳದ ಪಾಳಿ. ಯಾವಾಗಲೂ ಕಾಲು ಗಂಟೆ ಮುಂಚೆ ಬರುವ ಮೆಸೇಜು ನಿಮ್ಮ ಸರಿಯಾದ ಟೈಮಿಗೆ ಸರಿಯಾಗಿ ಬಂತು. ಮೆಸೇಜು ಬಂದ ಮೇಲೆಯೇ ಅವರು ಮನೆ ಬಿಡುವುದು. ಸಾಯಬಮ್ಮ ಎಲ್ಲರಿಗಿಂತ ಮುಂದೆ ಓಡಿ ಬಂದಳಂತೆ, ಅಷ್ಟರಲ್ಲಿ ಆರು ದಾಟಿ ಐದು ನಿಮಿಷವಾಗಿತ್ತು. ಗೇಟಿನ ಹತ್ತಿರ ಯಾರೂ ಇಲ್ಲ. ಹಿಡಿಕೆ ಇಲ್ಲ. ಮುಂಗಾರಿನ ಕೊನೆಯ ಪಾಳಿಯಿಂದ ಹಿಡಿಕೆ ಇಟ್ಟುಕೊಂಡಿದ್ದ ಮೇಲಿನ ಊರಿನವನು ಅದನ್ನು ತೆಗೆದುಕೊಂಡು ಶಹಾಪುರಕ್ಕೆ ಮದುವೆಗೆ ಹೋಗಿದ್ದಾನೆ! ಫೋನು ಮಾಡಿದರೆ ಎತ್ತಲಿಲ್ಲ. ಅವನು ಊಟ ಮುಗಿಸಿ ಬರುವವರೆಗೆ ನೀರು ಮೇಲಿನ ಹೊಲಗಳಲ್ಲೇ ತುಂಬಿ ಹಳ್ಳಕ್ಕೆ ಹೋಯಿತು. ಹಿಡಿಕೆ ಬಂದಾಗ ಪಾಳಿ ಮುಗಿದಿತ್ತು.

ಇವತ್ತು ಸಾಯಬಮ್ಮ ಕಚೇರಿಗೆ ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಕೆಳಗೆ ಕೂತಳು.

“ಅಕ್ಕಾರ, ಪಟ್ಟ್ಯಾಗ ನಮ್ಮ ಹೆಸರು ಮೊದಲು ಅದ. ನೋಡಿ ಬಾಳ ಖುಷಿ ಆಗಿತ್ತ್ರಿ. ಹೆಸರು ಮೊದಲಿದ್ರ ನೀರು ಬರತದ ಅಂದ್ಕೊಂಡಿದ್ದೆ.”

ಆಕೆಗೆ ನಿನ್ನ ‘ನೋಡುತ್ತೇನೆ’ ತೋರಿಸಲೇ? ಎರಡು ತಿಂಗಳಿಂದ ಅದನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ, ಮೂರ್ಖಳ ಹಾಗೆ. ಇವತ್ತು ತೆಗೆದು ಹರಿದು ಹಾಕಿದೆ.

ಅವರು ನಮ್ಮ ಮಷೀನು ಒದ್ದರು, ನೀನು ಸುಮ್ಮನಿದ್ದೆ. ನಮ್ಮ ಹೆಸರು ಕೆಡಿಸಿದರು, ನೀನು ಸಹಿ ಹಾಕಿದೆ. ಈಗ ನೀರನ್ನೇ ಹಳ್ಳಕ್ಕೆ ಬಿಟ್ಟರು, ನೀನು ನೋಡಿದೆ. ಚಂದ ನೋಡಿದೆ ತಂಗಿ!

ನೀರು ಬರಲಿಲ್ಲ ಅಂತ ಮಷೀನಿನಲ್ಲಿ ಗುರುತು ಹಾಕಿದ್ದೇನೆ. ನನ್ನ ಕೆಲಸ ಅಷ್ಟು.

ಕಸ್ತೂರಿ


ಯಾದಗಿರಿ
21 ಡಿಸೆಂಬರ್ 2024

ಕಸ್ತೂರಕ್ಕ,

ನೀವು ಬೈದದ್ದೆಲ್ಲ ಸರಿ. ಒಂದನ್ನೂ ತಳ್ಳಿಹಾಕುವುದಿಲ್ಲ.

ಅಕ್ಟೋಬರಿನಲ್ಲೇ ಕೇಳಿದ್ದೆ. ಮೀಟಿಂಗಿನಲ್ಲಿ ಎದ್ದು ನಿಂತು, ತೆಗ್ಗಿನಾಳದ ಮೆಸೇಜು ಕಾಲು ಗಂಟೆ ಮುಂಚೆ ಹೋಗಬೇಕು ಅಂದೆ. ಆ ಗುತ್ತಿಗೆಯ ಹುಡುಗ, “ಸುರಪುರದವ್ರಿಗಿ ಬ್ಯಾರೆ ಸೂರ್ಯ ಹುಟ್ಟತಾನೇನ್ರಿ ಮೇಡಂ?” ಅಂದ. ಎಲ್ಲರೂ ನಕ್ಕರು. ಮಲ್ಲಿನಾಥ ಸಾಹೇಬರು, “ಎಲ್ಲಾ ಶಾಖೆಗೂ ಒಂದೇ ನಿಯಮ, ಕೂಡ್ರಿ” ಅಂದರು. ನಾನು ಕೂತೆ, ಅಕ್ಕ. ಕೂತುಬಿಟ್ಟೆ. ನಿಮಗೆ ಹಾಗೆ ಬರೆಯಲು ಮುಖವಿರಲಿಲ್ಲ.

ನಿಮ್ಮ ಕಾಗದ ಹಿಡಿದುಕೊಂಡು ನಿನ್ನೆ ಸೀದಾ ಸಾಹೇಬರ ಕೋಣೆಗೆ ಹೋದೆ. ಕೇಳದೆಯೇ ಬಾಗಿಲು ತೆಗೆದೆ. ಪೂರ್ತಿ ಓದಿದೆ, ಸಾಯಬಮ್ಮನ ಮಾತನ್ನು ಆಕೆ ಹೇಳಿದ ಹಾಗೆಯೇ ಓದಿದೆ. “ಏನಮ್ಮಾ, ಜಗಳಕ್ಕ ಬಂದೀರೇನು?” ಅಂದರು. “ಹೌದ್ರಿ, ಜಗಳಕ್ಕೇ ಬಂದೀನಿ. ಹಿಂಗಾರಿ ನೀರು ಹಳ್ಳಕ್ಕ ಹೋಗ್ಯಾದ. ಗಡಿಯಾರ ನಮ್ಮದು ಸರಿ ಅದ ಅಂತ ಹಳ್ಳಕ್ಕ ಹೋಗಿ ಹೇಳ್ರಿ” ಅಂದೆ. ನನ್ನ ದನಿಗೆ ಹೊರಗಿನ ಟೈಪಿಂಗ್ ನಿಂತಿತು. ಗುತ್ತಿಗೆಯ ಹುಡುಗನೂ ಬಾಗಿಲಲ್ಲಿ ನಿಂತಿದ್ದ, ಈ ಸಲ ಅವನು ನಗಲಿಲ್ಲ.

ಸಾಹೇಬರು ಬರವಣಿಗೆಯಲ್ಲಿ ಏನೂ ಕೊಡಲಿಲ್ಲ. “ನನಗೇನೂ ಗೊತ್ತಿಲ್ಲ, ಹೋಗ್ರಿ” ಅಂದರು. ನನಗೆ ಅಷ್ಟು ಸಾಕಾಗಿತ್ತು. ಹೊರಗೆ ಬಂದು, ಕೂತು, ತೆಗ್ಗಿನಾಳದ ಮೆಸೇಜು ಕಾಲು ಗಂಟೆ ಮುಂಚೆ ಹೋಗುವಂತೆ ಮಾಡಿದೆ. ಬದಲಾವಣೆಗೆ ಕಾರಣ ಬರೆಯಿರಿ ಎಂದು ಸರ್ವರ್ ಕೇಳಿತು. ‘ಸುರಪುರ ಟೈಮ್’ ಎಂದು ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ, ಪೂರ್ತಿ ಹೆಸರು. ನಾಳೆ ಯಾರಾದರೂ ಕೇಳಿದರೆ ನಾನೇ ಉತ್ತರ ಕೊಡುತ್ತೇನೆ.

ಇನ್ನೊಂದು ವಿಷಯ, ನಿಮಗೆ ಇಷ್ಟರಲ್ಲಿ ತಿಳಿದಿರಲೂಬಹುದು. ನೀವು ಹಾಕಿದ ಗುರುತು ಕೆಲಸ ಮಾಡಿದೆ. ನೀರು ಬಾರದ ಊರಿಗೆ ಮರುಪಾಳಿ, ಅಮೀನುದ್ದೀನ ಸಾಹೇಬರ ಲೆಕ್ಕ. ಇವತ್ತು ಬೆಳಿಗ್ಗೆ ಹೊಸ ಪಟ್ಟಿ ತಾನಾಗಿ ಇಲ್ಲಿಗೆ ಬಂತು, ಎಲ್ಲರಿಗಿಂತ ಮೇಲೆ ತೆಗ್ಗಿನಾಳ. ಹುಡುಗ “ಇದನ್ನ ಯಾರ್ ಹಾಕಿದ್ರು?” ಅಂತ ಕೇಳಿದ. “ಆ ಗುಜರಿ ಡಬ್ಬಾ ಹಾಕ್ಯಾದ. ಈಗ ಅದು ನಮ್ಮ ಡೊಮೇನಿನ್ಯಾಗೇ ಅದ. ತೆಗದು ನೋಡು, ಹೋಗು” ಅಂದೆ. ತೆಗೆಯಲು ಅವನಿಗೆ ಬರಲಿಲ್ಲ.

ಮರುಪಾಳಿ ಬರುವ ಶನಿವಾರ ಬೆಳಿಗ್ಗೆ ಆರಕ್ಕೆ. ಸಾಯಬಮ್ಮನಿಗೆ ಹೇಳಿ. ನಾನು ಹಿಂದಿನ ಸಂಜೆಯೇ ಸುರಪುರಕ್ಕೆ ಬರುತ್ತೇನೆ, ನಿಮ್ಮ ಮನೆಯಲ್ಲೇ ಉಳಿಯುತ್ತೇನೆ, ನೀವು ಬೇಡ ಅಂದರೂ. ನಸುಕಿನಲ್ಲಿ ಇಬ್ಬರೂ ಗೇಟಿಗೆ ಹೋಗೋಣ. ಹಿಡಿಕೆ ಸಾಯಬಮ್ಮನ ಕೈಗೆ ಬರುವುದನ್ನು ನಾನು ಕಣ್ಣಾರೆ ನೋಡಬೇಕು.

ಆರಕ್ಕೆ ಅಂದೆ. ಯಾವ ಆರು ಎಂದು ಕೇಳಬೇಡಿ. ಕೈಗಡಿಯಾರದ ಮುಳ್ಳು ನಿನ್ನೆಯೇ ತಿರುಗಿಸಿಕೊಂಡಿದ್ದೇನೆ.

ನಿಮ್ಮ ತಂಗಿ,
ರಾಧಿಕಾ